'ನಮ್ಮವು' ಅಂದದ್ದಕ್ಕೆ ಬಿದ್ದ ತೆರಿಗೆ

ನನ್ನ ಬಾಯಿ ಜೋರು. ಮಸಗುಪ್ಪಿಯಲ್ಲಿ ಇದು ಯಾರಿಗೂ ಹೊಸ ಸಂಗತಿಯಲ್ಲ. ಆದರೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಕರಾರು ತೆಗೆಯಬಾರದು. ನಮ್ಮ ಪೆಂಡಾಲಿನ ದಂಧೆ ನಿಂತದ್ದೇ ಈ ಬಾಯಿಯ ಮೇಲೆ. ಗೂಟ ಬಡಿಯುವುದು, ಬಿದಿರು ಏರುವುದು, ಹಗ್ಗ ಬಿಗಿಯುವುದು ನನ್ನ ಗಂಡನ ಕೆಲಸ. ಅವರು ಮಾತಾಡುವುದೇ ಅಪರೂಪ. ಮದುವೆಯಾದ ಹೊಸತರಲ್ಲಿ ಇವರು ಮೂಗರೇನೋ, ನನ್ನ ಅಪ್ಪನಿಗೆ ಯಾರೋ ಟೋಪಿ ಹಾಕಿದರೇನೋ ಎಂದು ನನಗೆ ಸಂಶಯವೇ ಬಂದಿತ್ತು. ಗಿರಾಕಿಗಳ ಕೂಡ ದರ ಮಾತಾಡುವುದು, ಕೂಲಿಯವರನ್ನು ಹೊಂದಿಸುವುದು, ಮದುವೆಯ ಮರುದಿನ ಒಂದು ಸೌಟು ಕಡಿಮೆ ಬಂದರೂ ಆ ಮನೆಯ ಅಂಗಳದಲ್ಲಿ ನಿಂತು ಕೇಳುವುದು, ಇವೆಲ್ಲ ನನ್ನ ಪಾಲು.

ಈ ದಂಧೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮದುವೆ ಬಂದರೆ ಒಬ್ಬರ ಸಾಮಾನು ಸಾಲುವುದಿಲ್ಲ. ಮೂಡಲಗಿ ಕಡೆ ಮದುವೆ ಇದ್ದರೆ ಹುಕ್ಕೇರಿಯ ಅಣ್ಣನ ಕುರ್ಚಿಗಳು ಬರುತ್ತಿದ್ದವು. ಹುಕ್ಕೇರಿ ಕಡೆ ಇದ್ದರೆ ನಮ್ಮ ಹಂಡೆ, ಕೊಪ್ಪರಿಗೆ, ಪೆಂಡಾಲಿನ ಬಟ್ಟೆ ಅಲ್ಲಿಗೆ ಹೋಗುತ್ತಿದ್ದವು. ಅವರು ಒಡಹುಟ್ಟಿದ ಅಣ್ಣನಲ್ಲ, ನಮ್ಮ ಹಾಗೆ ಪೆಂಡಾಲಿನವರು, ಅಷ್ಟೇ. ಹೊಲದ ಕೆಲಸಕ್ಕೆ ಇವತ್ತು ನಾನು, ನಾಳೆ ನೀನು ಎಂದು ಮುಯ್ಯಿ ಆಳು ಹೋಗುವ ಹಾಗೆಯೇ ಇದು. ಮದುವೆಯ ಮನೆಯವರು ಯಾರ ಸಾಮಾನಿನ ಬಾಡಿಗೆ ಅವರ ಕೈಗೇ ಕೊಡುತ್ತಿದ್ದರು. ನಮ್ಮಿಬ್ಬರ ನಡುವೆ ಚೀಟಿ ಇಲ್ಲ, ಪಾವತಿ ಇಲ್ಲ. ಆದರೆ ಗಿರಾಕಿಯ ಮುಂದೆ ಮಾತಾಡುವವರು ಒಬ್ಬರೇ ಇರಬೇಕು. ನಮ್ಮ ಸೀಮೆಯಲ್ಲಿ ನಾನು, ಅವರ ಸೀಮೆಯಲ್ಲಿ ಅವರು.

"ಇಷ್ಟೂ ಖುರ್ಚಿ ನಿಮ್ಮವೇನ್ರಿ?" ಎಂದು ಮದುವೆಯ ಮನೆಯವರು ಕೇಳಿದರೆ "ನಮ್ಮವ ರಿ" ಎನ್ನುತ್ತಿದ್ದೆ. ಅವರೂ ನನ್ನ ಕೊಪ್ಪರಿಗೆ ತೋರಿಸಿ ಹಾಗೆಯೇ ಹೇಳುತ್ತಿದ್ದರು. ಟೆಂಪೋ ಕಳಿಸಿದ ಮೇಲೆ ಫೋನ್ ಮಾಡಿ "ನಮ್ಮ ಖುರ್ಚಿ ಮುಟ್ಟಿದುವೇನು ತಂಗಿ?" ಎಂದೇ ಕೇಳುತ್ತಿದ್ದರು. ನಮ್ಮ ಕಡೆ 'ನನ್ನದು' ಎನ್ನುವುದು ಸ್ವಲ್ಪ ಒರಟು ಮಾತು, ಜಗಳಕ್ಕೆ ನಿಂತವರು ಆಡುವಂಥದ್ದು. ಕಟ್ಟಿಕೊಂಡ ಗಂಡನನ್ನೂ 'ನಮ್ಮ ಮನೆಯವರು' ಎನ್ನುತ್ತೇವೆ. ಹಾಗೆಂದು ಆ ಗಂಡನಲ್ಲಿ ಬೇರೆಯವರಿಗೂ ಪಾಲಿದೆ ಎಂದು ಅರ್ಥವೇ?

ತೆರಿಗೆ ನಮ್ಮ ಮನೆಗೆ ಬಂದದ್ದು ಒಂದು ಸರಕಾರಿ ಕಾರ್ಯಕ್ರಮದ ಹೆಗಲೇರಿ. ಪೆಂಡಾಲ್ ಹಾಕಿ ಎಂದರು, ಹಾಕಿದೆವು. ಬಿಲ್ ಪಾಸಾಗಬೇಕಾದರೆ ಜಿಎಸ್‌ಟಿ ನಂಬರ್ ಬೇಕು ಎಂದರು. ಮೂಡಲಗಿಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಹೆಸರಿನಲ್ಲಿ ನಂಬರ್ ಮಾಡಿಸಿದೆವು. ಬಿಲ್ ಬಂತು. ಒಂದೆರಡು ಸಲ ಅಂಗಡಿಯವನು ಏನೋ ತುಂಬಿದ, ಆಮೇಲೆ ಅವನು ಕೇಳಲಿಲ್ಲ, ನಾವೂ ಹೋಗಲಿಲ್ಲ. ಕೆಲಸ ಮುಗಿಯಿತು ಎಂದರೆ ನಂಬರೂ ಮುಗಿಯಿತು ಎಂದು ತಿಳಿದಿದ್ದೆವು. ಅದು ನಾಗರಪಂಚಮಿಯ ಜೋಕಾಲಿಯಲ್ಲ, ಹಬ್ಬ ಮುಗಿದ ಮೇಲೆ ಬಿಚ್ಚಿಡಲು. ತೆಗೆದುಕೊಂಡ ಮೇಲೆ ಪ್ರತಿ ಸಲ ಲೆಕ್ಕ ಒಪ್ಪಿಸಬೇಕು, ಬಾಡಿಗೆ ಬಂದರೆ ತೆರಿಗೆ ಕಟ್ಟಬೇಕು. ಇಲಾಖೆಯವರು ನೋಟಿಸ್ ಕಳಿಸಿದ್ದಾರೆ, ಖರೆ. ಆದರೆ ಅವೆಲ್ಲ ಹೋದದ್ದು ಅಂಗಡಿಯವನ ಇ-ಮೇಲಿಗೆ. ಅವನು ಅಂಗಡಿ ಮುಚ್ಚಿ ಯಾವಾಗಲೋ ಬೇರೆ ದಾರಿ ಹಿಡಿದಿದ್ದ.

ನನಗೆ ಗೊತ್ತಾದದ್ದು ಬ್ಯಾಂಕಿನಲ್ಲಿ. ಹೊಸ ಬಟ್ಟೆ ತರಲು ಹಣ ತೆಗೆಯಲು ಹೋದರೆ ಖಾತೆಗೆ ಬೀಗ ಬಿದ್ದಿತ್ತು. ತೆರಿಗೆ ಇಲಾಖೆಯಿಂದ ಆದೇಶ ಬಂದಿದೆ, ನೀವು ಗೋಕಾಕಕ್ಕೆ ಹೋಗಿ ಕೇಳಿ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಲಗ್ನದ ಸುಗ್ಗಿ ಹತ್ತಿರ ಬಂದಿತ್ತು. ಮದುವೆಯ ಮನೆಯವರು ಕೊಟ್ಟ ಮುಂಗಡವೆಲ್ಲ ಆ ಖಾತೆಯಲ್ಲಿತ್ತು. ಅದು ತೆರೆಯದಿದ್ದರೆ ಕೂಲಿಯವರಿಗೆ ಪಗಾರ ಇಲ್ಲ, ಟೆಂಪೋದ ಕಂತು ಇಲ್ಲ, ಒಪ್ಪಿಕೊಂಡ ಮದುವೆಗಳಿಗೆ ಪೆಂಡಾಲ್ ಇಲ್ಲ. ಒಂದು ಸುಗ್ಗಿ ಮಾತು ತಪ್ಪಿದ ಪೆಂಡಾಲಿನವರನ್ನು ಮರು ವರ್ಷ ಯಾರೂ ಕರೆಯುವುದಿಲ್ಲ. ದಂಧೆ ಉಳಿಯುತ್ತದೋ ಇಲ್ಲವೋ ಎನ್ನುವ ಪ್ರಶ್ನೆ ಅದು.

ಇಂಥ ಹೊತ್ತಿನಲ್ಲಿ ನಾವು ಮೊದಲು ಹೋಗುವುದು ಹಿರಿಯರ ಬಳಿಗೆ. ನನ್ನ ಗಂಡನ ಕಾಕಾ ಊರಿನ ಎಲ್ಲ ನ್ಯಾಯ ಬಗೆಹರಿಸುವವರು. ಬದುವಿನ ಜಗಳ, ಮುನಿಸಿಕೊಂಡ ಸೊಸೆ, ಹೆಣ್ಣು ಕೇಳುವುದು, ಎಲ್ಲಕ್ಕೂ ಅವರ ರುಮಾಲು ಮುಂದೆ. ನಾಲ್ಕು ಮಂದಿ ಹಿರಿಯರು ಹೋಗಿ ಸಾಹೇಬರ ಮುಂದೆ ಕುಳಿತರೆ ಮುಗಿಯಿತು, ಅವರೂ ಮನುಷ್ಯರೇ ಅಲ್ಲವೇ ಎಂದರು ಕಾಕಾ. ನನಗೂ ಸರಿ ಎನಿಸಿತು. ಟೆಂಪೋದಲ್ಲಿ ಸತರಂಜಿ ಹಾಸಿ ಹಿರಿಯರನ್ನು ಕೂರಿಸಿಕೊಂಡು ಗೋಕಾಕಕ್ಕೆ ಹೋದೆವು.

ಸಾಹೇಬರು ದಾವಣಗೆರೆ ಆಚೆಯವರು. ಮಾತಿನ ಧಾಟಿ ಬೇರೆ, ಮನುಷ್ಯ ಸೌಮ್ಯ. ಎಲ್ಲರಿಗೂ ಕುರ್ಚಿ ಹಾಕಿಸಿದರು. ಕಾಕಾ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ಇವರು ಸರಕಾರದ ರೊಕ್ಕ ಮುಳುಗಸೂ ಮಂದಿ ಅಲ್ರಿ ಸಾಹೇಬ್ರ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನ್ಯಾಗ ಇವರ ಪೆಂಡಾಲ್ ಇಲ್ದ ಒಂದು ಲಗ್ನ ಆಗೂದಿಲ್ಲ."

ಉಳಿದ ಹಿರಿಯರು ತಲೆಯಾಡಿಸಿದರು. ಒಬ್ಬರು ನಮ್ಮ ಕೊಪ್ಪರಿಗೆಗಳ ಗಾತ್ರವನ್ನು ಕೈ ಚಾಚಿ ತೋರಿಸಿದರು. ಇನ್ನೊಬ್ಬರು ಕುರ್ಚಿಗಳನ್ನು ಎಣಿಸುವುದೇ ಸಾಧ್ಯವಿಲ್ಲ ಎಂದರು. ಇದರಲ್ಲಿ ಕಪಟವೇನೂ ಇರಲಿಲ್ಲ. ಹೆಣ್ಣು ಕೇಳಲು ಹೋದಾಗ ಎರಡು ಎಕರೆಯವನನ್ನು ನಾಲ್ಕು ಎಕರೆಯವನೆಂದು ಹೇಳುವುದು ನಮ್ಮಲ್ಲಿ ಸುಳ್ಳಲ್ಲ, ಮರ್ಯಾದೆ. ಮನೆತನ ದೊಡ್ಡದು ಎಂದಾದರೆ ಎದುರಿನವರು ನಂಬುತ್ತಾರೆ ಎನ್ನುವ ಲೆಕ್ಕ. ಇಲ್ಲಿಯೂ ಕಾಕಾ ನನ್ನನ್ನು ಒಂದು ಒಳ್ಳೆಯ ಮನೆಗೆ ಕೊಡುವವರ ಹಾಗೆ ಹೊಗಳುತ್ತಲೇ ಹೋದರು. ಸಾಹೇಬರು ಬರೆದುಕೊಳ್ಳುತ್ತಲೇ ಹೋದರು. ಕೊನೆಗೆ ನನ್ನದೇ ಜಾಹೀರಾತಿನ ಫೋಟೋಗಳನ್ನು ಮುಂದಿಟ್ಟು, ಇದರಲ್ಲಿ ಕಾಣುವ ಸಾಮಾನೆಲ್ಲ ನಿಮ್ಮವೇ ಎಂದು ಕೇಳಿದರು. ಅವು ಮೂಡಲಗಿಯ ದೊಡ್ಡದೊಂದು ಮದುವೆಯ ಫೋಟೋಗಳು, ಸಾಲು ಸಾಲು ಕುರ್ಚಿ.

"ನಮ್ಮವ ರಿ," ಎಂದೆ. "ಎಲ್ಲಾ ನಮ್ಮವ."

ಹೇಳಿಕೆಯ ಕೆಳಗೆ ರುಜು ಮಾಡಿ ಹೊರಗೆ ಬಂದಾಗ ಮನಸ್ಸು ಹಗುರಾಗಿತ್ತು. ಕಾಕಾ ಖುಷಿಯಲ್ಲಿ ಎಲ್ಲರಿಗೂ ಕರದಂಟು ಕೊಡಿಸಿದರು, ನನ್ನ ದುಡ್ಡಿನಲ್ಲಿ. ಟೆಂಪೋದಲ್ಲಿ ಅದನ್ನು ಜಗಿಯುತ್ತ ಹಿರಿಯರೆಲ್ಲ ಸಾಹೇಬರ ಸ್ವಭಾವವನ್ನು ಬಾಯಿ ತುಂಬ ಹೊಗಳಿದರು.

ಸ್ವಲ್ಪ ದಿನಕ್ಕೆ ನೋಟಿಸ್ ಬಂತು, ಈ ಸಲ ಸರಿಯಾಗಿ ಮನೆಗೇ. ಅಷ್ಟು ಕುರ್ಚಿ, ಅಷ್ಟು ಪೆಂಡಾಲು, ಮೂರು ತಾಲೂಕಿನ ಮದುವೆಗಳು ಎಂದು ಲೆಕ್ಕ ಹಾಕಿ ಬಾಡಿಗೆ ಅಂದಾಜು ಮಾಡಿ, ಅದಕ್ಕೆ ತೆರಿಗೆ, ಬಡ್ಡಿ, ದಂಡ ಕೂಡಿಸಿದ್ದರು. ಒಪ್ಪಿಗೆಯಿಲ್ಲದಿದ್ದರೆ ವಿಚಾರಣೆಗೆ ಬನ್ನಿ, ಬೇಕಾದರೆ ನಿಮ್ಮ ಪರವಾಗಿ ವಕೀಲರನ್ನು ಕರೆತನ್ನಿ ಎಂದಿತ್ತು. ಟೆಂಪೋ, ಪೆಂಡಾಲು, ಹಂಡೆ, ನನ್ನ ಬಂಗಾರ ಎಲ್ಲ ಮಾರಿದರೂ ಮುಟ್ಟದ ಮೊತ್ತ. ಸಾಹೇಬರದು ಎಳ್ಳಷ್ಟೂ ತಪ್ಪಿರಲಿಲ್ಲ. ನಾವು ಹೇಳಿದ್ದನ್ನೇ ಬರೆದುಕೊಂಡು, ಬರೆದುಕೊಂಡದ್ದನ್ನೇ ಗುಣಿಸಿದ್ದರು. ಅದು ಗೊತ್ತಿದ್ದರೂ ನಾನು ಕಟ್ಟೆಯ ಮೇಲೆ ಕುಳಿತು ಕಾಕಾನ ರುಮಾಲಿಗೂ ಆ ಕರದಂಟಿಗೂ ಬೈದೆ.

ಆಗ ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಸಿಕ್ಕ. ಒಳಗೆ ತನ್ನ ಮಂದಿ ಇದ್ದಾರೆ, ಪೂರಾ ಸೆಟಲ್ ಮಾಡುತ್ತೇನೆ, ನೀವು ಮನೆಯಲ್ಲಿ ಆರಾಮಾಗಿ ಇರ್ರಿ ಎಂದ. ನನಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆತ ನಗದು ಕೇಳಿದ, ರಸೀದಿ ಕೊಡುವುದಿಲ್ಲ ಎಂದ, ತನ್ನ ಹೆಸರು ಎಲ್ಲಿಯೂ ಬರೆಯಬಾರದು ಎಂದ. ಆಗ ನಮ್ಮ ಮನೆಯವರು ಬಾಯಿ ತೆರೆದರು.

"ಹೆಸರು ಹೇಳಾಕ ಅಂಜಾಂವ ನಮ್ಮ ಕಡೀಂದ ಏನ್ ಮಾತಾಡ್ತಾನ?"

ಇವರು ಹೀಗೆಯೇ. ಬಾವಿಯಲ್ಲಿ ಕೊಡ ಬಿದ್ದ ಮೇಲೆ ಎಲ್ಲರೂ ಚೀರುತ್ತಿದ್ದರೆ ಇವರು ಅದನ್ನು ಮೇಲೆತ್ತುವ ಪಾತಾಳಗರಡಿ ಹುಡುಕುತ್ತಿರುತ್ತಾರೆ.

ವಕೀಲರ ಸುದ್ದಿ ಹೇಳಿದವಳು ನಮ್ಮ ಮದುವೆಗಳಿಗೆ ಅಡುಗೆ ಮಾಡುವವಳು. ಮಮದಾಪುರದಿಂದ ಭಾಂಡೆ ತಿಕ್ಕಲು ಬರುತ್ತಿದ್ದಳಲ್ಲ, ಬೌದ್ಧರ ಮನೆಯವಳು, ಆಕೆಯ ಮಗಳು ಗೋಕಾಕದಲ್ಲಿ ವಕೀಲಳಾಗಿದ್ದಾಳೆ, ತೆರಿಗೆಯ ಕೇಸುಗಳನ್ನೇ ನೋಡುತ್ತಾಳೆ ಎಂದಳು. ಆ ತಾಯಿ ನನಗೆ ಚೆನ್ನಾಗಿ ನೆನಪಿದ್ದಳು. ಬೂದಿ ಹಚ್ಚಿ ತಿಕ್ಕಿದರೆ ನಮ್ಮ ಹಂಡೆಯಲ್ಲಿ ಮುಖ ಕಾಣಬೇಕು, ಹಾಗೆ ತಿಕ್ಕುತ್ತಿದ್ದಳು. ಈಗ ಸೊಂಟ ನೋವಿನಿಂದ ಮನೆಯಲ್ಲೇ ಇದ್ದಾಳಂತೆ.

ಕಾಕಾನಿಗೆ ವಿಷಯ ಗೊತ್ತಾಗಿ ಮನೆಗೆ ಬಂದರು. ನಮ್ಮ ಭಾಂಡೆ ತಿಕ್ಕಿದವಳ ಮಗಳು ನಮ್ಮ ಮನೆತನದ ಪರವಾಗಿ ಮಾತಾಡಬೇಕೇನು ಎಂದು ಶುರು ಮಾಡಿದರು. ನನಗೆ ಮೈಯೆಲ್ಲ ಉರಿಯಿತು.

"ನೀವು ಮಾತಾಡಿದ್ದು ಎಷ್ಟಕ್ಕ ಬಿತ್ತು ನೋಡೀವಲ್ಲ ಕಾಕಾ," ಎಂದೆ. "ಇನ್ನ ನೀವು ಬಾಯಿ ಮುಚ್ಚಿದ್ರ ನನಗ ಲಾಭ ಐತಿ."

ಕಾಕಾ ಆಮೇಲೆ ಬಹಳ ದಿನ ನಮ್ಮ ಮನೆಯ ಚಹಾ ಕುಡಿಯಲಿಲ್ಲ. ಆ ಸಕ್ಕರೆಯೂ ಉಳಿಯಿತು.

ಕೋರ್ಟಿನ ಹತ್ತಿರ, ಔಷಧಿ ಅಂಗಡಿಯ ಮೇಲಿನ ಒಂದು ಖೋಲಿ ಅವರ ಆಫೀಸು. ಮೇಜು, ಕಪಾಟು, ಗೋಡೆಯ ಮೇಲೆ ಬುದ್ಧನ ಚಿತ್ರ. ನಮ್ಮ ಕಡೆ ಓದಿದ ಹೆಂಗಸನ್ನು ಬಾಯಾರು ಎಂದು ಕರೆಯುತ್ತೇವೆ, ಸಾಲಿ ಕಲಿಸುವವರೂ ಬಾಯಾರು, ವಕೀಲರೂ ಬಾಯಾರು. ಈ ಬಾಯಾರು ನನ್ನ ಕಥೆಯನ್ನೆಲ್ಲ ಪೂರ್ತಿ ಕೇಳಿದರು. ನಾನು ಅಳುವಲ್ಲಿ ಅಳಲು ಬಿಟ್ಟರು, ಕಾಕಾನಿಗೆ ಬೈಯುವಲ್ಲಿ ಬೈಯಲು ಬಿಟ್ಟರು. ಆಮೇಲೆ ನಾನು ರುಜು ಮಾಡಿದ ಹೇಳಿಕೆಯನ್ನು ನಿಧಾನವಾಗಿ ಓದಿ ಹಣೆ ಒತ್ತಿಕೊಂಡರು.

"ಅಕ್ಕಾರ, ಒಂದು ಮಾತು. ಇವತ್ತಿಂದ ಆ ಆಫೀಸಿನ್ಯಾಗ ನೀವು ಬಾಯಿ ತಗೀಬ್ಯಾಡ್ರಿ. ಕೇಳಿದ್ದಕ್ಕ ನಾ ಹೇಳ್ತೀನಿ."

ಹುಟ್ಟಿದಾಗಿನಿಂದ ನನ್ನ ಬಾಯಿ ಮುಚ್ಚಿಸಿದ ಮೊದಲ ಬಾಯಿ ಇವರು. ನನ್ನ ಪರವಾಗಿ ಮಾತಾಡುವ ಅಧಿಕಾರದ ಕಾಗದಕ್ಕೆ ರುಜು ಹಾಕುವಾಗ ನನಗೆ ಬಹಳ ಕಷ್ಟವಾಯಿತು. ಮೂರು ತಾಲೂಕಿನಲ್ಲಿ ಎಲ್ಲರ ಪರವಾಗಿ ಮಾತಾಡುವವಳು ನಾನು. ಈಗ ನನ್ನ ನಾಲಿಗೆಯನ್ನು ಮಡಚಿ ಬೇರೆಯವರ ಕೈಗೆ ಕೊಟ್ಟ ಹಾಗಾಯಿತು. ಪೂರಾ ಮಾಫಿ ಮಾಡಿಸಿ ಎಂದು ಕೇಳಿದೆ. ಅವರು ಆಗುವುದಿಲ್ಲ ಎಂದು ತಲೆಯಾಡಿಸಿದರು. ಕೊಡಬೇಕಾದದ್ದನ್ನು ಕೊಡಲೇಬೇಕು, ಅದನ್ನು ತಪ್ಪಿಸಲು ತಾನು ಬರುವುದಿಲ್ಲ, ಕೊಡಬಾರದ್ದನ್ನು ಕೊಡದ ಹಾಗೆ ನೋಡಿಕೊಳ್ಳುವುದಷ್ಟೇ ತನ್ನ ಕೆಲಸ ಎಂದರು. ಫೀ ಎಷ್ಟು, ಯಾವಾಗ ಕೊಡಬೇಕು ಎನ್ನುವುದನ್ನೂ ಅಲ್ಲೇ ಹೇಳಿ ಬರೆದುಕೊಟ್ಟರು. ರಸೀದಿಗೆ ತಮ್ಮ ಹೆಸರಿನ ರುಜು ಹಾಕಿದರು. ನಮ್ಮ ಮನೆಯವರು ಆ ರುಜುವನ್ನು ನೋಡಿ ಹೂಂ ಎಂದರು.

ಆಮೇಲಿನದು ಬೇಸರದ ಕೆಲಸ. ಬಾಕಿ ಇದ್ದ ಲೆಕ್ಕಗಳನ್ನೆಲ್ಲ ತುಂಬಬೇಕು. ಯಾವ ಮದುವೆ, ಎಷ್ಟು ಬಾಡಿಗೆ, ಯಾವ ತಿಂಗಳು. ನಾನು ಮದುವೆಗಳನ್ನು ಬಿತ್ತನೆಗೆ, ಮಳೆಗೆ, ಯಾರ ಮನೆಯ ಎಮ್ಮೆ ಈದ ಹೊತ್ತಿಗೆ ಜೋಡಿಸಿ ನೆನಪಿಟ್ಟವಳು. ಬಾಯಾರು ಅದನ್ನೇ ಹಿಡಿದು ತಿಂಗಳು ಹೊಂದಿಸಿದರು, ಬ್ಯಾಂಕಿನ ಪಟ್ಟಿಗೆ ತಾಳೆ ನೋಡಿದರು. ನಾವು ಖರೆ ಕೊಡಬೇಕಾದ ತೆರಿಗೆ ಒಂದು ರೂಪಕ್ಕೆ ಬಂತು. ಸಣ್ಣದೇನಲ್ಲ, ಆದರೆ ಹೊಟ್ಟೆ ಕಟ್ಟಿ ಕಟ್ಟಬಹುದಾದದ್ದು. ಕಂತಿನಲ್ಲಿ ಕಟ್ಟಲು ಅವಕಾಶ ಕೇಳೋಣ, ಮೊದಲ ಕಂತು ಕಟ್ಟಿದರೆ ಖಾತೆ ತೆರೆಸಲು ಕೇಳೋಣ ಎಂದರು. ಉಳಿದದ್ದು ಆ ಒಂದು ಮಾತು, ಎಲ್ಲಾ ನಮ್ಮವ ಎಂದದ್ದು.

ನಮ್ಮವಲ್ಲ ಎಂದು ತೋರಿಸುವುದು ಹೇಗೆ? ನಾನು ಹೇಳಿದೆ, ನಮ್ಮ ಕುರ್ಚಿಯ ಬೆನ್ನಿಗೆ ಹಸಿರು ಗಿಳಿಯ ಚಿತ್ರ, ಅವರ ಕುರ್ಚಿಯ ಬೆನ್ನಿಗೆ ಕೆಂಪು ದೀಪದ ಚಿತ್ರ, ಮದುವೆ ಮುಗಿದ ಮೇಲೆ ಬೇರೆ ಮಾಡಲು ಹಾಗೆ ಬಣ್ಣ ಹೊಡೆಸಿದ್ದೇವೆ ಎಂದು. ಹಾಗಾದರೆ ಹಿಂದಿನಿಂದ ತೆಗೆದ ಫೋಟೋ ತನ್ನಿ ಎಂದರು ಬಾಯಾರು. ಮದುವೆಯಲ್ಲಿ ಬೀಗರ ಬೆನ್ನಿನ ಫೋಟೋ ಯಾರು ತೆಗೆಯುತ್ತಾರೆ? ಮದುವೆಯ ಮನೆ ಮನೆಗೆ ಹೋಗಿ ವಿಡಿಯೋ ಹಾಕಿಸಿ ನೋಡಿದೆ. ಎಲ್ಲರೂ ಮದುಮಗಳ ಸೀರೆ ತೋರಿಸಲು ಬಂದರೆ ನಾನು ಮಂದಿಯ ಬೆನ್ನ ಹಿಂದೆ ದೀಪ ಹುಡುಕುತ್ತಿದ್ದೆ. ಅಕ್ಷತೆ ಹಾಕಲು ಜನ ಎದ್ದು ನಿಂತಾಗ, ಊಟಕ್ಕೆ ಓಡಿದಾಗ ಖಾಲಿ ಕುರ್ಚಿಗಳ ಬೆನ್ನು ಕಂಡವು. ಅರ್ಧ ಗಿಳಿ, ಅರ್ಧ ದೀಪ.

ಬಾಯಾರು ವಿಡಿಯೋ ನೋಡಿ ತೃಪ್ತಿಪಟ್ಟರು. ಆದರೆ ಒಂದು ಮಾತನ್ನು ಮುಂಚೆಯೇ ಹೇಳಿಬಿಟ್ಟರು.

"ನಿಮ್ಮವಲ್ಲ ಅಂತ ನಾ ತೋರಸ್ತೀನಿ. ಹಂಗಂದ್ರ ಯಾರವು ಅಂತ ಅವರು ಕೇಳ್ತಾರ. ಆಗ ಖರೇನ ಹೇಳಬೇಕ್ರಿ ಅಕ್ಕಾರ, ಸುಳ್ಳು ನಾ ಹೇಳೂದಿಲ್ಲ."

ನಾನು ಹೆಸರು ಹೇಳುವುದಿಲ್ಲ ಎಂದೆ. ಹುಕ್ಕೇರಿಯ ಅಣ್ಣನಿಗೆ ನಂಬರ್ ಇರಲಿಲ್ಲ, ಲೆಕ್ಕ ಇರಲಿಲ್ಲ. ಹೆಸರು ಹೇಳಿದರೆ ನೋಟಿಸು ಅವರ ಮನೆಗೆ ಹೋಗುತ್ತಿತ್ತು. ಒಂದು ವರ್ಷ ಮೂಡಲಗಿಯ ಮದುವೆಯ ಹಿಂದಿನ ದಿನ ಬಿರುಗಾಳಿ ಬಂದು ನಮ್ಮ ಪೆಂಡಾಲನ್ನು ಹರಿದು ಕಬ್ಬಿನ ಗದ್ದೆಗೆ ಎಸೆದಿತ್ತು. ಆವತ್ತು ತನ್ನ ಊರಿನ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಎಲ್ಲ ಬಟ್ಟೆ, ಎಲ್ಲ ಬಿದಿರು ಹೇರಿಕೊಂಡು ಬಂದ ಮನುಷ್ಯ ಆತ. ಬಂದು, ಏನೂ ಆಗಿಲ್ಲ ಎನ್ನುವ ಹಾಗೆ ಗೂಟ ಬಡಿದರು. ಅಂಥವರ ಹೆಸರನ್ನು ಸರಕಾರಿ ಕಾಗದದಲ್ಲಿ ಬರೆಸಿ ನಾನು ಪಾರಾಗಲೇ? ನನ್ನ ದಂಧೆ ಹೋದರೆ ಹೋಗಲಿ ಎಂದು ಬಾಯಲ್ಲಿ ಹೇಳಿದೆ. ಒಳಗೆ ಮಾತ್ರ ಹೆದರಿಕೆ ಇತ್ತು.

ವಿಚಾರಣೆಗೆ ಸ್ವಲ್ಪ ಮೊದಲು ಕಾಗದ ಕೊಡಲು ಗೋಕಾಕಕ್ಕೆ ಹೋಗಿದ್ದೆ. ಔಷಧಿ ಅಂಗಡಿಯ ಬಾಜೂ ಮೆಟ್ಟಿಲಿಳಿದು ಹುಕ್ಕೇರಿಯ ಅಣ್ಣ ಬರುತ್ತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿ ಮಂದಿಯೊಳಗೆ ಸೇರಿಕೊಂಡರು. ಮೇಲೆ ಹೋಗಿ ಬಾಯಾರನ್ನು ಕೇಳಿದೆ, ಅವರು ಯಾಕೆ ಬಂದಿದ್ದರು, ಏನು ಹೇಳಿದರು.

"ಅವರು ನನ್ನ ಹತ್ರ ಬಂದಿದ್ರು, ನಾ ನಿಮ್ಮ ಕಡೀಯಾಕಿ ಅಂತ ಹೇಳಿ ಬ್ಯಾರೆ ವಕೀಲರ ಕಡೆ ಕಳಿಸೀನಿ. ಏನ್ ಮಾತಾಡಿದ್ರು ಅನ್ನೂದು ಅವರ ಮಾತು, ನಾ ಹೇಳಾಕ ಬರೂದಿಲ್ಲ."

ನಾನು ಕೂಗಾಡಿದೆ. ನಮ್ಮೂರಲ್ಲಿ ಒಂದು ಮನೆಯ ಸಾರಿಗೆ ಉಪ್ಪು ಹೆಚ್ಚಾದರೆ ಮೂರು ಓಣಿಗೆ ಗೊತ್ತಾಗುತ್ತದೆ. ನನ್ನ ದುಡ್ಡು ತೆಗೆದುಕೊಂಡ ವಕೀಲರು ನನ್ನ ಅಣ್ಣನ ಮಾತನ್ನು ನನಗೇ ಹೇಳುವುದಿಲ್ಲವೆಂದರೆ ಏನರ್ಥ? ಕೆಳಗಿನ ಔಷಧಿ ಅಂಗಡಿಯವರು ಮೇಲೆ ಬಂದು ನೋಡಿ ಹೋದರು. ಬಾಯಾರು ನೀರು ಕೊಟ್ಟರೇ ಹೊರತು ಒಂದು ಅಕ್ಷರ ಬಿಡಲಿಲ್ಲ. ಮನೆಗೆ ಬಂದವಳು ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಖಾತ್ರಿಯಾಯಿತು, ತಾನು ಪಾರಾಗಲು ಎಲ್ಲ ನನ್ನ ತಲೆಗೆ ಕಟ್ಟುತ್ತಿದ್ದಾನೆ, ಕುರ್ಚಿ ನನಗೇ ಮಾರಿದ್ದೆ ಎಂದು ಬರೆದುಕೊಡುತ್ತಾನೆ. ನನ್ನ ಫೈಲು ವಾಪಸ್ ತರುತ್ತೇನೆ, ಆ ಬಾಯಿಯ ಸಹವಾಸ ಸಾಕು ಎಂದೆ.

ನಮ್ಮ ಮನೆಯವರು ಹಗ್ಗ ಸುತ್ತುತ್ತಿದ್ದರು. ಸುತ್ತುತ್ತಲೇ, ನೀನು ಹೇಳಿದ್ದನ್ನೂ ಆಕೆ ಅವರಿಗೆ ಹೇಳಿರಲಿಕ್ಕಿಲ್ಲ ಎಂದರು. ಅಷ್ಟೇ. ನಾನು ಫೈಲು ತರಲು ಹೋಗಲಿಲ್ಲ.

ವಿಚಾರಣೆಯ ದಿನ ಅದೇ ಕೋಣೆ, ಅದೇ ಸಾಹೇಬರು. ಕಾಕಾ ಇರಲಿಲ್ಲ. ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕುಳಿತಿದ್ದೆ, ಬಾಯಿ ತೆರೆದರೆ ಕೆಟ್ಟೆ ಎಂದು. ಬಾಯಾರು ಮೊದಲು ನಮ್ಮ ತಪ್ಪನ್ನೇ ಹೇಳಿದರು. ನಂಬರ್ ತೆಗೆದುಕೊಂಡು ಲೆಕ್ಕ ಕೊಟ್ಟಿರಲಿಲ್ಲ, ಈಗ ಎಲ್ಲ ಕೊಟ್ಟಿದ್ದೇವೆ, ಇಷ್ಟು ತೆರಿಗೆ ನಮ್ಮಿಂದ ಬರಬೇಕು, ಒಪ್ಪಿದ್ದೇವೆ ಎಂದರು. ಆಮೇಲೆ ಖಾಲಿ ಕುರ್ಚಿಗಳ ಬೆನ್ನಿನ ವಿಡಿಯೋ ತೋರಿಸಿದರು. ಸಾಹೇಬರು ನೋಡಿದರು. ನೋಡಿ, ನನ್ನ ಹೇಳಿಕೆಯ ಮೇಲೆ ಬೆರಳಿಟ್ಟು, ಎಲ್ಲ ತನ್ನವೇ ಎಂದು ಈಕೆಯೇ ಒಪ್ಪಿದ್ದಾರಲ್ಲ ಎಂದರು. ನನ್ನ ಹಲ್ಲು ಸೆರಗಿನೊಳಗೆ ಇನ್ನಷ್ಟು ಇಳಿಯಿತು.

"ನನ್ನವು ಅಂದಿಲ್ರಿ ಸರ್, ನಮ್ಮವು ಅಂದಾರ," ಎಂದರು ಬಾಯಾರು. "ನಮ್ಮವ್ವ ಇವರ ಪೆಂಡಾಲದಾಗ ಭಾಂಡೆ ತಿಕ್ಕತಿದ್ಲು. ಮನೀಗೆ ಬಂದು 'ಇವತ್ತ ನಮ್ಮ ಪೆಂಡಾಲದಾಗ ಊಟ ಛಲೋ ಆತು' ಅಂತಿದ್ಲು. ಆ ಪೆಂಡಾಲದಾಗ ಒಂದು ಗೂಟನೂ ನಮ್ಮವ್ವಂದ ಇರ್ಲಿಲ್ರಿ."

ನನಗೆ ಕಣ್ಣು ತುಂಬಿ ಬಂತು. ಆಕೆಗೆ ಕೂಲಿ ಕೊಟ್ಟಿದ್ದೆ, ಉಳಿದ ಹುಗ್ಗಿ ಕಟ್ಟಿ ಕೊಟ್ಟಿದ್ದೆ. ಆಕೆ ಮನೆಗೆ ಹೋಗಿ ನಮ್ಮ ಪೆಂಡಾಲು ಎನ್ನುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಪಂಕ್ತಿ ಎಲ್ಲ ಎದ್ದ ಮೇಲೆ, ಹಂಡೆಗಳ ಹಿಂದೆ ಕುಳಿತು ಆಕೆ ಉಣ್ಣುತ್ತಿದ್ದದ್ದೇ ನನ್ನ ಕಣ್ಣ ಮುಂದೆ ಬಂತು.

ಸಾಹೇಬರು ಪೆನ್ನು ಕೆಳಗಿಟ್ಟು, ತಾವೂ ಈ ಕಚೇರಿಯನ್ನು ನಮ್ಮ ಆಫೀಸು ಎಂದೇ ಹೇಳುತ್ತೇವೆ ಎಂದು ಸಣ್ಣಗೆ ನಕ್ಕರು. ನಕ್ಕವರು ಮತ್ತೆ ಪೆನ್ನು ಎತ್ತಿಕೊಂಡರು. ಸರಿ, ಹಾಗಾದರೆ ದೀಪದ ಕುರ್ಚಿಗಳು ಯಾರವು, ಅದನ್ನು ಬರೆಯದೆ ನಾನು ಇವರ ಲೆಕ್ಕದಿಂದ ತೆಗೆಯುವುದು ಹೇಗೆ ಎಂದರು. ಬಾಯಾರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಇಲ್ಲ. ಅವರು ಸಾಹೇಬರಿಗೆ, ಸಂಬಂಧಪಟ್ಟವರು ತಮ್ಮ ವಕೀಲರ ಜೊತೆ ಹೊರಗೆ ಕುಳಿತಿದ್ದಾರೆ, ತಾವಾಗಿಯೇ ಬಂದಿದ್ದಾರೆ ಎಂದು ಆ ವಕೀಲರು ಈಗಷ್ಟೇ ತಿಳಿಸಿದ್ದಾರೆ, ಕರೆಸಬಹುದು ಎಂದರು.

ಹುಕ್ಕೇರಿಯ ಅಣ್ಣ ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಮದುವೆಯ ಮನೆಯಲ್ಲೂ ಅವರು ಅಂಥದ್ದು ಹಾಕಿದವರಲ್ಲ. ನನ್ನ ಕಡೆ ನೋಡಲಿಲ್ಲ. ಅವರ ವಕೀಲರು ಕಾಗದ ಮುಂದಿಟ್ಟರು. ಅಣ್ಣನೂ ತಮ್ಮ ಬಾಡಿಗೆಯ ಲೆಕ್ಕ ಬರೆಸಿ, ನಂಬರಿಗೆ ಅರ್ಜಿ ಹಾಕಿ ಬಂದಿದ್ದರು. ಸಾಹೇಬರು ವಿಡಿಯೋ ತೋರಿಸಿ ಕೇಳಿದರು.

"ಆ ಖುರ್ಚಿ ನನ್ನವ ರಿ," ಎಂದರು ಅಣ್ಣ. ಸ್ವಲ್ಪ ತಡೆದು ಮತ್ತೆ ಹೇಳಿದರು. "ಇವರವಲ್ಲ. ನನ್ನವ."

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ಆ ಶಬ್ದ ಕೇಳಿದ್ದು ಅದೇ ಮೊದಲು. ಅದೇ ಶಬ್ದ ನನ್ನನ್ನು ಉಳಿಸಿತು. ಕೆಲವು ವಾರಕ್ಕೆ ಆದೇಶ ಬಂತು, ದೀಪದ ಕುರ್ಚಿಗಳನ್ನೂ ಹುಕ್ಕೇರಿಯ ಮದುವೆಗಳನ್ನೂ ನನ್ನ ಲೆಕ್ಕದಿಂದ ತೆಗೆದಿದ್ದರು. ಉಳಿದದ್ದಕ್ಕೆ ಕಂತು ಕೊಟ್ಟರು, ಮೊದಲ ಕಂತು ಕಟ್ಟಿದ ಮೇಲೆ ಖಾತೆ ತೆರೆಯಿತು. ಬಾಯಾರ ಮನೆಗೆ ಕರದಂಟು ತೆಗೆದುಕೊಂಡು ಮಮದಾಪುರಕ್ಕೆ ಹೋಗಿ ಅವರ ತಾಯಿಯ ಜೊತೆ ಕುಳಿತು ಊಟ ಮಾಡಿ ಬಂದೆ. ಆಕೆ ನಮ್ಮ ದೊಡ್ಡ ಹಂಡೆಯ ತಳ ಇನ್ನೂ ಸೋರುತ್ತದೆಯೇ ಎಂದು ಕೇಳಿದಳು. ಸೋರುತ್ತದೆ ಎಂದೆ.

ಅಣ್ಣ ಫೋನ್ ಯಾಕೆ ಎತ್ತಲಿಲ್ಲ ಎಂದು ಆಮೇಲೆ ಕೇಳಿದೆ. ಎತ್ತಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಿನ್ನ ಬಾಯಿಯ ಮುಂದೆ ನನ್ನ ಧೈರ್ಯ ನಿಲ್ಲುವುದಿಲ್ಲ ಎಂದರು. ಅವರ ಮೇಲೂ ತೆರಿಗೆ ಬಿತ್ತು, ಕಟ್ಟುತ್ತಿದ್ದಾರೆ. ಅವರ ಮೇಲೆ ಸಂಶಯಪಟ್ಟದ್ದನ್ನು ಹೇಳಿದೆ. ಸಂಶಯ ಬಂದಿರಬೇಕು ಅಂತ ಗೊತ್ತಿತ್ತು ಎಂದು ನಕ್ಕರು.

ಈಗ ಎಲ್ಲ ಕಾಗದದ ಮೇಲೆ. ಇಡೀ ಮದುವೆಯ ಗುತ್ತಿಗೆಯನ್ನು ನಾನೇ ಹಿಡಿಯಬೇಕು, ಅವರ ಕುರ್ಚಿಗೆ ಅವರು ನನ್ನ ಹೆಸರಿಗೆ ಬಿಲ್ ಕೊಡಬೇಕು, ನಾನು ಅವರಿಗೆ ಬ್ಯಾಂಕಿನಿಂದಲೇ ಹಾಕಬೇಕು. ಬಾಯಾರು ಹಾಗೆ ಕಲಿಸಿಕೊಟ್ಟಿದ್ದಾರೆ. ಸರಿಯಾದ ಪದ್ಧತಿ ಅದೇ, ನನಗೆ ಗೊತ್ತು.

ಆ ಸುಗ್ಗಿಯ ಮೊದಲ ಮದುವೆ ಮೂಡಲಗಿಯಲ್ಲಿ. ಹುಕ್ಕೇರಿಯಿಂದ ಟೆಂಪೋ ಬಂತು, ಚಾಲಕ ಇಳಿದು ಮೊದಲು ಬಿಲ್ ಕೊಟ್ಟ. ಮೇಲೆ ಅಣ್ಣನ ಹೆಸರು, ನಂಬರು. ಗಿರಾಕಿಯ ಜಾಗದಲ್ಲಿ ನನ್ನ ಹೆಸರು. ನಾನು ಅದನ್ನು ಹಿಡಿದುಕೊಂಡು ಇಳಿಸಿದ ಕುರ್ಚಿಗಳ ನಡುವೆ ನಿಂತಿದ್ದಾಗ ಫೋನ್ ಬಂತು.

"ಖುರ್ಚಿ ಮುಟ್ಟಿದುವೇನು ತಂಗಿ?"

ಖುರ್ಚಿ ಎನ್ನುವ ಮೊದಲು ಅವರು ಯಾವಾಗಲೂ ಹೇಳುತ್ತಿದ್ದ ಒಂದು ಶಬ್ದ ಇರಲಿಲ್ಲ. ಅವರು ಅದನ್ನು ಮರೆತಿರಲಿಲ್ಲ, ಬಿಟ್ಟಿದ್ದರು. ದುಃಖವಾಯಿತು, ಬಹಳ ದುಃಖವಾಯಿತು.

"ಮುಟ್ಟಿದುವಣ್ಣಾ," ಎಂದೆ. "ನಿಮ್ಮ ಖುರ್ಚಿ ಎಲ್ಲಾ ಮುಟ್ಟಿದುವು."